ದಿಬ್ಬದ ಮೇಲಿನ ಕತ್ತರಿ ಹಕ್ಕಿಗಳು

ಗರ್ಭಕೋಶದ ಆಪರೇಷನ್ ಆದ ಮೂರನೇ ವಾರಕ್ಕೆ ನಾನು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ, ಅಕ್ಕನ ಮನೆಗೆ ಹೋದೆ. ಗಂಡನ ಮನೆಯಲ್ಲಿ ಸುಧಾರಿಸಿಕೊಳ್ಳುವುದು ಆಗದ ಮಾತು. ಮಲಗಿದ್ದರೆ ಯಾರೂ ಕೇಳುವವರಿಲ್ಲ, ಎದ್ದು ಕೂತರೆ ‘ಎದ್ದಳಲ್ಲ’ ಎಂದು ಒಲೆಯ ಮುಂದೆ ನಿಲ್ಲಿಸುವವರು ಮಾತ್ರ ಇದ್ದರು. ಅಕ್ಕನೇ ಫೋನು ಮಾಡಿ, "ಬಸ್ಸು ಬ್ಯಾಡ ಕಣೇ, ಕುಲುಕ್ತದೆ. ಕಾರು ಮಾಡ್ಕೊಂಡು ಬಂದ್ಬುಡು. ಒಂದು ತಿಂಗ್ಳು ಇಲ್ಲೇ ಇರೀವಂತೆ" ಎಂದಳು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮಕ್ಕಳಿಲ್ಲ. ಭಾವ ತೀರಿಕೊಂಡ ಮೇಲೆ ಹೊಲಿಗೆ ಮಷಿನ್ನೊಂದನ್ನು ನಂಬಿ ಬದುಕಿದವಳು. ಕುಂದುರ್ಪಿಯಿಂದಲೂ ಹೆಂಗಸರು ಬಸ್ಸು ಹತ್ತಿ ಬಂದು ಅವಳ ಹತ್ತಿರ ರವಿಕೆ ಹೊಲಿಸಿಕೊಂಡು ಹೋಗುತ್ತಿದ್ದರು.

ಬೆಳಗ್ಗೆ ಅರ್ಧ ಗಂಟೆ ನಡೆಯಬೇಕು, ತೂಕ ಎತ್ತಬಾರದು, ತುಂಬಿದ ಬಿಂದಿಗೆಯನ್ನು ಮುಟ್ಟಲೂ ಬಾರದು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಹೇಗೂ ದಿನಾ ಬೆಳಕು ಹರಿಯುವ ಹೊತ್ತಿಗೆ ಊರಾಚೆಯ ಕೆರೆಯ ಕಡೆ ಹೋಗುತ್ತಿದ್ದಳು. ನಾನೂ ಜೊತೆಯಾದೆ. ಬೇಸಿಗೆಯ ಕೊನೆ. ನೀರು ನಡುಕೆರೆಗೆ ಸರಿದು, ಸುತ್ತ ಬಿರುಕು ಬಿಟ್ಟ ಕೆಸರು, ಅದರಾಚೆ ಮರಳಿನಂಥ ಬಿಳಿಯ ಅಂಚು. ಇಳಿದ ನೀರಿಗೆ ಹಕ್ಕಿಗಳು ಮುತ್ತಿಕೊಂಡಿದ್ದವು. ಮೊಣಕಾಲುದ್ದದ ನೀರಲ್ಲಿ ಬಣ್ಣದ ಕೊಕ್ಕರೆಗಳು ತೆರೆದ ಕೊಕ್ಕನ್ನು ಮುಳುಗಿಸಿಕೊಂಡು, ಒಂದು ಕಾಲಿನಿಂದ ಕೆಸರು ಕದಡುತ್ತಾ ಹೆಜ್ಜೆ ಹಾಕುತ್ತಿದ್ದವು. ಚಮಚದಂಥ ಕೊಕ್ಕಿನವು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದವು. ಒಂದು ದಿನ ಮುಂಗುಸಿಯೊಂದು ಸತ್ತ ಮೀನು ಎಳೆದುಕೊಂಡು ನಮ್ಮ ಮುಂದೆಯೇ ಹಾದುಹೋಯಿತು. ಅಕ್ಕನಿಗೆ ಪುಸ್ತಕದ ಹೆಸರುಗಳು ಗೊತ್ತಿರಲಿಲ್ಲ. ಕುತ್ತಿಗೆ ಎಳೆದುಕೊಂಡು ಗಂಟೆಗಟ್ಟಲೆ ಕೂರುವ ಬಕಪಕ್ಷಿಯನ್ನು ಗುಮಾಸ್ತ ಎನ್ನುತ್ತಿದ್ದಳು. ಉದ್ದನೆಯ ಕೆಂಪುಕಾಲಿನ ಹಕ್ಕಿ ಅವಳ ಪಾಲಿಗೆ ಹೊಸ ಸೊಸೆ.

ಒಂದು ವಾರ ಕಳೆದ ಮೇಲೆ ಅವಳು ನನ್ನನ್ನು ಕೆರೆಯ ಆ ತುದಿಗೆ ಕರೆದುಕೊಂಡು ಹೋದಳು. ನೀರಿನೊಳಕ್ಕೆ ಚಾಚಿದ ಒಂದು ದಿಬ್ಬ. ಮಳೆಗಾಲದಲ್ಲಿ ಅದು ನಡುಗಡ್ಡೆಯಂತೆ. ಈಗ ನೀರು ಇಳಿದು ನಾಲ್ಕು ಮಾರು ಅಗಲದ ದಾರಿ ಬಿದ್ದಿತ್ತು. ಆ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಬೇಲಿ. ಅದನ್ನು ಅಕ್ಕ ಒಬ್ಬಳೇ ಕಡಿದು ತಂದು ಹಾಕಿದ್ದಳು.

"ನಾಯಿಗೋಳು ಬತ್ತವೆ ಕಣೇ, ಅದ್ಕೆ. ಇಲ್ಲೇ ನಿಂತ್ಕಂಡು ನೋಡು, ಮುಂದಕ್ಕೆ ಹೋಗ್ಬ್ಯಾಡ."

ದಿಬ್ಬದ ಬರಿನೆಲದ ಮೇಲೆ ಬೂದು ಮೈ, ಕಪ್ಪು ತಲೆ, ಹಳದಿ ಕೊಕ್ಕಿನ ಹಕ್ಕಿಗಳು ಕೂತಿದ್ದವು. ಗೂಡಿಲ್ಲ, ಕಡ್ಡಿಯಿಲ್ಲ. ಮಣ್ಣಲ್ಲೊಂದು ಸಣ್ಣ ಗುಳಿ, ಅದರಲ್ಲಿ ಮಚ್ಚೆಯ ಮೊಟ್ಟೆಗಳು. ಹಾರಿದರೆ ಬಾಲ ಎರಡಾಗಿ ಕವಲೊಡೆಯುತ್ತಿತ್ತು. ಅಕ್ಕ ಅವನ್ನು ಕತ್ತರಿ ಹಕ್ಕಿ ಎನ್ನುತ್ತಿದ್ದಳು. ರೀವ ಎಂಬ ಹೆಸರು ನನಗೆ ಗೊತ್ತಾದದ್ದು ಆಮೇಲೆ. ಒಂದು ಹಕ್ಕಿ ನೀರಿಗಿಳಿದು ಹೊಟ್ಟೆ ಅದ್ದಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು.

"ನೋಡ್ದಾ? ಮೊಟ್ಟೆ ತಣ್ಣಗಿರ್ಲಿ ಅಂತ ಒದ್ದೆ ಮಾಡ್ಕೊಂಬತ್ತದೆ. ರೋಹಿಣಿ ಕಾರ್ತೆ ಬಿಸಿಲು, ಅದು ಎದ್ದೋದ್ರೆ ಮೊಟ್ಟೆ ಬೆಂದೋಯ್ತದೆ" ಎಂದಳು ಅಕ್ಕ. ಆಗಲೇ ಕೆಲವು ಮೊಟ್ಟೆ ಒಡೆದು ಮರಿಗಳು ಹೊರಬಂದಿದ್ದವು. ಮಣ್ಣಿನ ಬಣ್ಣದವು, ಅಲುಗಾಡಿದರಷ್ಟೇ ಕಣ್ಣಿಗೆ ಬೀಳುತ್ತಿದ್ದವು. ವಾಪಸ್ಸು ಬರುವಾಗ ಅವಳು ನನ್ನ ತೋಳು ಹಿಡಿದು, "ಯಾರಿಗೂ ಹೇಳ್ಬ್ಯಾಡ ಕಣಮ್ಮ" ಎಂದಳು. ನಾನು ಹೂಂ ಅಂದೆ.

ಮಾರನೆಯ ದಿನವೇ ವೀಡಿಯೊ ತೆಗೆದು ಗಂಡನಿಗೆ ಕಳಿಸಿದೆ.

ಯಾಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಇಪ್ಪತ್ತಾರು ವರ್ಷ ಆ ಮನೆಯಲ್ಲಿ ನಾನು ಹೇಳಿದ್ದನ್ನು ಯಾರೂ ನಿಂತು ಕೇಳಿರಲಿಲ್ಲ. ಅಕ್ಕನ ಮನೆಗೆ ಬಂದ ಮೇಲೆ ‘ಹೇಗಿದ್ದೀಯ’ ಎಂದು ಒಂದು ಫೋನೂ ಬಂದಿರಲಿಲ್ಲ. ವೀಡಿಯೊ ಹೋದ ದಿನ ಅವರು ಎರಡು ಸಲ ಫೋನು ಮಾಡಿದರು. ಅವರದೊಂದು ವಾಕಿಂಗ್ ಗುಂಪಿದೆ, ಅಲ್ಲಿ ಎಲ್ಲರೂ ಮೆಚ್ಚಿಕೊಂಡರಂತೆ. "ಭಾನುವಾರ ಎಲ್ಲಾ ಬತ್ತೀವಿ. ನೀನೇ ತೋರಿಸ್ಬೇಕು" ಎಂದರು. ಆ ‘ನೀನೇ’ ಎಂಬ ಮಾತಿಗೆ ನಾನು ಕರಗಿಹೋದೆ.

ಭಾನುವಾರ ಅಕ್ಕ ಮದುವೆ ಮನೆಗೆ ರವಿಕೆಗಳನ್ನು ಕೊಟ್ಟುಬರಲು ಬೆಳಗಿನ ಬಸ್ಸಿಗೇ ಕುಂದುರ್ಪಿಗೆ ಹೋಗಿದ್ದಳು. ಅವಳಿಲ್ಲದ ದಿನವನ್ನೇ ನಾನು ಒಪ್ಪಿಕೊಂಡಿದ್ದೆ. ಮೂರು ಕಾರುಗಳಲ್ಲಿ ಹತ್ತು ಜನ ಬಂದರು. ಸೋಮಂದೇಪಲ್ಲಿಯಲ್ಲಿ ಕಟ್ಟಿಸಿಕೊಂಡ ಇಡ್ಲಿ, ಮಡಿಸುವ ಕುರ್ಚಿ, ಛತ್ರಿ ಎಲ್ಲ ಇತ್ತು. ಮೊಳದುದ್ದದ ಲೆನ್ಸಿನವರೊಬ್ಬರು ಬೇಲಿಯ ಹತ್ತಿರ ನಿಂತು, "ಇಲ್ಲಿಂದ ಸರಿಯಾಗಿ ಬರಲ್ಲಮ್ಮ. ಮುಳ್ಳು ತೆಗೀಬಹುದಾ?" ಎಂದು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

"ತೆಗೀರಿ. ಆಮೇಲೆ ಹಾಕಿದ್ರಾಯ್ತು" ಎಂದೆ.

ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ನಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತಿದವು. ಒಂದು ನನ್ನ ಗಂಡನ ಟೋಪಿಗೆ ಬಡಿದು ಹೋಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿಸಿಲು ಏರಿತು. ಕುರ್ಚಿ ಹಾಕಿಕೊಂಡು, ಇಡ್ಲಿ ತಿಂದು, ಹನ್ನೊಂದರವರೆಗೂ ಅಲ್ಲೇ ಇದ್ದರು. ಅಷ್ಟು ಹೊತ್ತೂ ಒಂದು ಹಕ್ಕಿಯೂ ಮೊಟ್ಟೆಯ ಮೇಲೆ ಕೂರಲಿಲ್ಲ. ಅದು ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ‘ಇನ್ನು ಹೋಗೋಣ’ ಎಂದು ಎರಡು ಸಲ ಬಾಯಿಗೆ ಬಂತು, ಎರಡು ಸಲವೂ ನುಂಗಿಕೊಂಡೆ.

ಹೊರಡುವಾಗ ಗಂಡನಿಗೆ, "ಮುಳ್ಳು ಎಳೆದು ಹಾಕ್ಬೇಕಿತ್ತು" ಎಂದೆ.

"ಯಾರಾದ್ರೂ ಕುರಿಯೋರು ಹಾಕ್ತಾರೆ ಬಿಡು. ಬಿಸಿಲು ನೋಡು ಹೆಂಗೈತೆ" ಎಂದು ಅವರು ಕಾರು ಹತ್ತಿದರು. ನಾನು ಎಳೆಯುವಂತಿರಲಿಲ್ಲ, ಹೊಟ್ಟೆಯಲ್ಲಿ ಹಸಿ ಗಾಯ. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಕರೆಯದೆ, ತಣ್ಣಗಿನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಮನೆಗೆ ಬಂದೆ.

ಸಂಜೆಯ ಬಸ್ಸಿಗೆ ಅಕ್ಕ ಬಂದಳು. ಮದುವೆ ಮನೆಯ ಹೋಳಿಗೆ ಬಿಚ್ಚಿ ನನ್ನ ಮುಂದಿಟ್ಟು, "ಬೆಳಗ್ಗೆ ಕೆರೆ ಕಡೆ ಹೋಗಿದ್ಯೇನೇ? ಮುಳ್ಳು ಸರ್ಯಾಗೈತಾ?" ಎಂದು ಕೇಳಿದಳು. ಇನ್ನೂ ಬೆಳಕಿತ್ತು. ಇಲ್ಲ ಅಂದಿದ್ದರೆ ಬಸ್ಸಿನ ಧೂಳು ಕೂಡ ತೊಳೆಯದೆ ಅವಳು ಓಡುತ್ತಿದ್ದಳು.

"ಐತೆ" ಎಂದೆ. ಹೋಳಿಗೆ ತಿಂದೆ.

ಬೆಳಗ್ಗೆ ದಿಬ್ಬದ ಮೇಲೆ ಏನೂ ಉಳಿದಿರಲಿಲ್ಲ. ನಾಯಿಗಳ ಹೆಜ್ಜೆ, ಮೊಟ್ಟೆಯ ಚೂರುಗಳು, ಮರಿಯ ಒಂದು ಕಾಲು. ಒಂದೆರಡು ಮೊಟ್ಟೆ ಇಡಿಯಾಗಿಯೇ ಇದ್ದವು. ಅಕ್ಕ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೆಳಗಿಟ್ಟಳು. ನಾಲ್ಕೈದು ಹಕ್ಕಿಗಳು ಕೂಗದೆ, ನೀರಿನ ಮೇಲೆ ಸುಮ್ಮನೆ ಹಾರುತ್ತಿದ್ದವು.

"ನಿನ್ನೆ ಐತೆ ಅಂದ್ಯಲ್ಲೇ?"

"ನಾನು ನೋಡ್ದಾಗ ಇತ್ತು. ಕುರಿಯೋರು ತೆಗೆದಿರ್ಬೇಕು."

ಅಲ್ಲೇ ಏರಿಯ ಕೆಳಗೆ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. ಅಕ್ಕ ನೇರ ಹೋಗಿ ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವನು ತಲೆಗೆ ಸುತ್ತಿದ್ದ ವಲ್ಲಿ ತೆಗೆದು, ಕುರಿಗಳ ಮೇಲೆ ಕೈಯಿಟ್ಟು, ತಾನು ಮುಟ್ಟಿಲ್ಲ ಎಂದು ಆಣೆ ಮಾಡಿದ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದೆ.

ಮಧ್ಯಾಹ್ನ ರವಿಕೆ ಹೊಲಿಸಲು ಬಂದ ಪಕ್ಕದ ಬೀದಿಯ ಹೆಂಗಸು ಫೋನು ಮುಂದೆ ಹಿಡಿದು, "ಇದಿ ಮೀ ಚೆಲ್ಲೆಲೇ ಕದಾ, ಅಕ್ಕಾ?" ಎಂದಳು. ನಿಮ್ಮ ತಂಗಿಯೇ ಅಲ್ಲವೇ ಎಂದು. ಭಾನುವಾರ ಬಂದವರು ತೆಗೆದ ವೀಡಿಯೊ ಎಲ್ಲೆಲ್ಲೋ ಸುತ್ತಿ ಆ ಬೀದಿಗೂ ಬಂದಿತ್ತು. ಅದರಲ್ಲಿ ನಾನು ದಿಬ್ಬದ ನಡುವೆ ನಿಂತು ಕೈ ಚಾಚಿ ತೋರಿಸುತ್ತಿದ್ದೆ. ಹಿಂದೆ ಸರಿಸಿಟ್ಟ ಮುಳ್ಳು.

ಅಕ್ಕ ಹೌದೆಂದಳು. ಅಳತೆ ತೆಗೆದುಕೊಂಡು ಅವಳನ್ನು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಾಯಿಗೋಳಿಗೆ ಹೊಟ್ಟೆ ಹಸಿದಿತ್ತು, ತಿಂದ್ವು. ನಿಂಗೇನಾಗಿತ್ತೇ?"

ಅಷ್ಟು ಹೇಳಿ ಅವಳು ಚಪ್ಪಲಿ ಮೆಟ್ಟಿದಳು. "ಆ ಮುದುಕಪ್ಪನ ಕಾಲಿಗೆ ಬಿದ್ದು ಬತ್ತೀನಿ" ಎಂದು ಉರಿಬಿಸಿಲಿನಲ್ಲಿ ಹೊರಟಳು. ಬಂದವಳು ನನಗೆ ಅನ್ನ ಬಡಿಸಿದಳು, ಮಾತ್ರೆ ಕೊಟ್ಟಳು, ಬೆನ್ನಿಗೆ ದಿಂಬು ಇಟ್ಟಳು. ಯಾವುದನ್ನೂ ಬಿಡಲಿಲ್ಲ. ಮಾರನೆಯ ಬೆಳಗ್ಗೆ ನಾನು ಏಳುವ ಮುಂಚೆಯೇ ಒಬ್ಬಳೇ ಕೆರೆಗೆ ಹೋಗಿದ್ದಳು. ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ನಾನು ಹಿಂದೂಪುರಕ್ಕೆ ವಾಪಸ್ಸಾದೆ. ಇನ್ನು ಹತ್ತು ದಿನ ಇರು ಎಂದು ಅವಳು ಹೇಳಲಿಲ್ಲ.

ಗಂಡನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಆ ದಿನದ ಫೋಟೊ ಒಂದಕ್ಕೆ ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ರೆಕ್ಕೆ ಅಗಲಿಸಿ ಕಿರುಚುತ್ತಿರುವ ರೀವ. ಬಂದವರಿಗೆಲ್ಲ, "ನಮ್ಮ ಮನೆಯವರೇ ಹುಡುಕಿದ ಜಾಗ" ಎಂದು ಹೇಳುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಬಗ್ಗೆ ಜನರೆದುರು ಆಡಿದ ಒಳ್ಳೆಯ ಮಾತು ಅದೊಂದೇ. ನಾನು ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಅಕ್ಕ ಹಬ್ಬಗಳಿಗೆ ತಪ್ಪದೆ ಫೋನು ಮಾಡುತ್ತಾಳೆ. ಅಡುಗೆ ಏನು, ಗಾಯ ಪೂರ್ತಿ ಮಾಯ್ತಾ, ಮಳೆ ಹೆಂಗೆ ಎಂದೆಲ್ಲ ಕೇಳುತ್ತಾಳೆ. ಈ ಬೇಸಿಗೆಯಲ್ಲಿ ನಾನೇ ಧೈರ್ಯ ಮಾಡಿ, "ಕೆರೆ ಕಡೆ ಹೋಯ್ತೀಯೇನಕ್ಕಾ? ಹಕ್ಕಿ ಬಂದವಾ?" ಎಂದೆ.

"ಎಲ್ಲಿ ಹೋಗ್ಲಿ ಕಣೇ, ಮೊಣಕಾಲು ನೋವು. ಹೊಸ್ತಿಲು ದಾಟಕ್ಕಾಗಲ್ಲ" ಎಂದಳು.

ಅವಳು ದಿನಾ ಹೋಗುತ್ತಾಳೆ, ಮುಳ್ಳು ಹೊತ್ತುಕೊಂಡು ಹೋಗುವುದನ್ನು ಕಣ್ಣಾರೆ ಕಂಡೆ ಎಂದು ಆ ಪಕ್ಕದ ಬೀದಿಯ ಹೆಂಗಸೇ ನನಗೆ ಫೋನಿನಲ್ಲಿ ಹೇಳಿದ್ದಳು.

"ಎಣ್ಣೆ ಹಚ್ಕೊಳಕ್ಕಾ" ಎಂದೆ.

"ಹೂಂ, ಹಚ್ಕೊಂತೀನಿ" ಎಂದು ಫೋನಿಟ್ಟಳು.