ವಾರಿ ನಡೆದ ಕಾಲಿಗೆ ಲೇಸರ್

೨೦೦೬ನೆಯ ಇಸವಿ. ನಾನು ಆಗ ಪುಣೆ ಕ್ಯಾಂಪಿನ ಒಂದು ಲೇಸರ್ ಸೆಂಟರಿನಲ್ಲಿ ಚರ್ಮವೈದ್ಯೆಯಾಗಿದ್ದೆ. ಗುರುವಾರ ಮಾತ್ರ ಅಲ್ಲಿರುತ್ತಿರಲಿಲ್ಲ. ಅಂದು ಪಿಂಪ್ರಿಯ ಒಂದು ದವಾಖಾನೆಯಲ್ಲಿ ಕಾರ್ಖಾನೆಯ ಎಣ್ಣೆಗೆ ಕೈ ಒಡೆದುಕೊಂಡ ಕಾರ್ಮಿಕರನ್ನು ನೋಡುತ್ತಿದ್ದೆ. ಉಳಿದ ದಿನಗಳಲ್ಲಿ ಕ್ಯಾಂಪಿನ ಏಸಿ ಕೋಣೆ, ಅಲ್ಲಿಗೆ ಬರುವ ಗಲ್ಲ, ತುಟಿ, ಕಾಲು. ಈ ಗುರುವಾರದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೆಂಟರಿನ ಮಾಲೀಕರು ಗುರುನಾಥಣ್ಣ. ಬೆಳಗಾವಿ ಕಡೆಯವರು, ಡಾಕ್ಟರಲ್ಲ. ಮೊದಲು ಸೀರೆ ವ್ಯಾಪಾರ ಮಾಡುತ್ತಿದ್ದರು. ಮಾತು ಬೆಣ್ಣೆಯಂಥದು. ಸೀರೆ ಅಂಗಡಿಯಿಂದ ಅವರು ತಂದದ್ದು ಒಂದೇ ಒಂದು ಶಾಸ್ತ್ರ: "ಬಂದ ಗಿರಾಕಿ ಹೊಳ್ಳಿ ಹೋಗಬಾರದ್ರಿ. ಕೆಂಪು ಇಲ್ಲಂದ್ರ ಹಸಿರು ತೋರಿಸು, ಹಸಿರು ಇಲ್ಲಂದ್ರ ಚಹಾ ಕುಡಿಸು." ಸೀರೆಗೆ ಇದು ನಡೆಯುತ್ತದೆ.

ಕೂದಲು ತೆಗೆಯುವ ಲೇಸರ್ ಕೆಲಸ ಮಾಡುವುದು ಹೇಗೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದು ಕಪ್ಪನ್ನು ಹುಡುಕಿಕೊಂಡು ಹೋಗುವ ಬೆಳಕು. ಕೂದಲಿನ ಬುಡದಲ್ಲಿರುವ ಕಪ್ಪು ಬಣ್ಣ, ಅಂದರೆ ಮೆಲನಿನ್, ಆ ಬೆಳಕನ್ನು ಹೀರಿ ಕಾಯುತ್ತದೆ. ಬುಡ ಸುಟ್ಟು ಕೂದಲು ಉದುರುತ್ತದೆ. ತೊಡಕೇನೆಂದರೆ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ. ಬೆಳಕಿಗೆ ಇದು ಕೂದಲಿನ ಕಪ್ಪು, ಇದು ಚರ್ಮದ ಕಪ್ಪು ಎಂಬ ಭೇದವಿಲ್ಲ. ಹಾಗಾಗಿ ನಮ್ಮಂಥ ಎಣ್ಣೆಗೆಂಪು, ಕಂದು ಮೈಯವರಿಗೆ ಶಕ್ತಿಯನ್ನು ತಗ್ಗಿಸಿ, ಮೊದಲು ಒಂದು ಸಣ್ಣ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಮುಂದುವರಿಯಬೇಕು. ಬಿಸಿಲಿಗೆ ಕರ್ರಗಾದ ಚರ್ಮವಿದ್ದರೆ ಯಂತ್ರವನ್ನು ಮುಟ್ಟಲೇಬಾರದು. ಕನಿಷ್ಠ ಆರು ವಾರ ಕಾಯಬೇಕು.

ಆ ವರ್ಷದ ಜನವರಿಯಲ್ಲಿ ರೇಣುಕಾ ಬಂದಳು, ಜೊತೆಗೆ ತಾಯಿ ಬಸಮ್ಮ. ಯಾದಗಿರಿ ಕಡೆಯಿಂದ ಬಂದು ಚಿಂಚವಾಡದಲ್ಲಿ ನೆಲೆಸಿದ ಕುಟುಂಬ. ತಂದೆ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಫಿಟ್ಟರ್. ಹುಡುಗಿಗೆ ಇಪ್ಪತ್ತು ತುಂಬಿತ್ತು. ಎತ್ತರದ ನಿಲುವು, ಮಾತಾಡುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಧೈರ್ಯ. ಗಗನಸಖಿಯರ ತರಬೇತಿ ಸಂಸ್ಥೆಯೊಂದಕ್ಕೆ ಸೇರಿದ್ದಳು. ಆಗಸ್ಟ್ ನಡುವೆ ಒಂದು ವಿಮಾನ ಕಂಪನಿಯವರು ಪುಣೆಗೇ ಬಂದು ಆಯ್ಕೆ ಮಾಡುವವರಿದ್ದರು. ಮೊಣಕಾಲಿನವರೆಗಿನ ಸ್ಕರ್ಟು ಅವರ ಸಮವಸ್ತ್ರ. ರೇಣುಕಾಳ ಕಾಲ ಮೇಲೆ ದಟ್ಟ ಕೂದಲು. ವ್ಯಾಕ್ಸ್ ಮಾಡಿದರೆ ಕೂದಲು ಚರ್ಮದೊಳಗೇ ಮುರುಟಿಕೊಂಡು ಕೀವುಗುಳ್ಳೆ ಏಳುತ್ತಿದ್ದವು. ಕಾಣುವ ಜಾಗದಲ್ಲಿ ಕಲೆ ಇದ್ದವರನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ ಎಂದು ಸಂಸ್ಥೆಯ ಮೇಡಂ ಹೇಳಿ ಕಳಿಸಿದ್ದರು.

"ನಮ್ಮವ್ವಗ ಹೇಳ್ರಿ ಮ್ಯಾಡಮ್, ಇದು ಪಾಪದ ಕೆಲಸ ಅಲ್ಲಂತ," ಎಂದಳು ರೇಣುಕಾ.

"ಪಾಪ ಯಾರಂದ್ರು?" ಬಸಮ್ಮ ಮೂಗು ಮುರಿದರು. "ನಮ್ಮ ಕಾಲಕ್ಕ ಕಾಲಾಗಿನ ಕೂದಲಾ ಯಾರೂ ಎಣಿಸಲಿಲ್ಲ, ಅಷ್ಟೇ. ವಿಮಾನದಾಗ ಊಟ ಬಡಿಸಾಕ ಕಾಲ್ಯಾಕ ನೋಡ್ತಾರೋ ಏನೋ, ಕೈ ನೋಡಬೇಕ್ರೆಪಾ!"

ನಾನು ನಕ್ಕೆ.

ಮೇ ತಿಂಗಳ ಕೊನೆಯೊಳಗೆ ನಾಲ್ಕು ಸಿಟಿಂಗ್ ಮುಗಿದವು. ಎಲ್ಲ ಕೂದಲೂ ಒಮ್ಮೆಗೇ ಬೆಳೆಯುವುದಿಲ್ಲ. ಬೆಳೆಯುವ ಹಂತದಲ್ಲಿರುವುದಷ್ಟೇ ಲೇಸರಿಗೆ ಸಾಯುತ್ತದೆ. ಅದಕ್ಕೇ ತಿಂಗಳು, ಒಂದೂವರೆ ತಿಂಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಬೇಕು. ರೇಣುಕಾಳ ಕಾಲು ಮುಕ್ಕಾಲು ಪಾಲು ನುಣುಪಾಗಿತ್ತು. ಒಂದು ಗುಳ್ಳೆಯಿಲ್ಲ, ಕಲೆಯಿಲ್ಲ. ಉಳಿದದ್ದು ಒಂದೇ ಸಿಟಿಂಗ್.

ಅದಕ್ಕಾಗಿ ಜುಲೈ ಮೂರನೆಯ ವಾರ, ಒಂದು ಬುಧವಾರ ಬಂದಳು. ಪರದೆಯ ಹಿಂದೆ ಮಲಗಿದವಳ ಕಾಲು ನೋಡಿ ನನ್ನ ಕೈ ಅಲ್ಲೇ ನಿಂತಿತು. ಮೊಣಕಾಲಿನ ಕೆಳಗೆ ಗೆರೆ ಕೊರೆದ ಹಾಗೆ ಬಣ್ಣ ಬದಲಾಗಿತ್ತು. ಮೇಲೆ ಅವಳ ಮೊದಲಿನ ಬಣ್ಣ, ಕೆಳಗೆ ಹುರಿದ ಕಡಲೆಯ ಬಣ್ಣ.

"ಬಿಸಿಲಾಗ ಹೋಗಿದ್ದಿಯೇನು ರೇಣುಕಾ?"

"ಇಲ್ರಿ."

"ಊರಿಗೆ? ಹೊಲಕ್ಕ?"

"ಎಲ್ಲೂ ಇಲ್ರಿ ಮ್ಯಾಡಮ್."

ಎಂದೂ ಕಣ್ಣು ತಪ್ಪಿಸದವಳು ಗೋಡೆ ನೋಡುತ್ತಿದ್ದಳು. ನಾನು ಅವಳ ಪಾದ ತಿರುಗಿಸಿದೆ. ಹಿಮ್ಮಡಿ ಒಡೆದಿತ್ತು. ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಎದ್ದು ಒಣಗಿ ಸುಲಿದ ಗುರುತು. ಆಷಾಢ ಏಕಾದಶಿ ಆಗಿ ಎರಡೇ ವಾರವಾಗಿತ್ತು. ಪುಣೆಯಲ್ಲಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಸಂತರ ಪಾದುಕೆ ಹೊತ್ತ ಪಾಲಖಿ ಊರು ದಾಟುವ ದಿನ ಅರ್ಧ ಪುಣೆ ರಸ್ತೆಯಲ್ಲಿರುತ್ತದೆ, ಅದರ ಹಿಂದೆ ವಿಠ್ಠಲನ ಪಂಢರಪುರದವರೆಗೆ ಲಕ್ಷಗಟ್ಟಲೆ ಜನ ನಡೆಯುತ್ತಾರೆ. ಅದೇ ವಾರಿ.

"ವಾರಿಗೆ ಹೋಗಿದ್ದಿ. ಹೌದಿಲ್ಲೋ?"

ಅವಳು ಹೊರಗೆ ಕೂತ ತಾಯಿಗೆ ಕೇಳಿಸದ ಹಾಗೆ, ತುಟಿಯಷ್ಟೇ ಅಲ್ಲಾಡಿಸಿದಳು. "ಅವ್ವನೂ ನಾನೂ ಹರಕಿ ಹೊತ್ತಿದ್ವಿರಿ. ಈ ನೌಕರಿ ಸಿಗಲಿ ಅಂತ. ಬರಿಗಾಲ್ಲೆ ನಡದೆ. ಮಣ್ಣು ಹತ್ತತದಂತ ಸಲವಾರ ಮ್ಯಾಲ ಕಟ್ಟಿದ್ದೆ. ಅವ್ವಗ ಹೇಳಬ್ಯಾಡ್ರಿ, ಬೇಡಿದ್ದು ಕೈಗೆ ಬರೋತನಕ ಹರಕಿ ಬಾಯಿಬಿಟ್ಟು ಹೇಳಬಾರದಂತ. ನಾ ಹೇಳೀನಿ ಅಂತ ಗೊತ್ತಾದ್ರ..."

ನೌಕರಿಗಾಗಿ ನಡೆದ ನಡಿಗೆಯೇ ನೌಕರಿಗೆ ಅಡ್ಡ ಬಂದು ನಿಂತಿತ್ತು. ಆದರೂ ಇನ್ನೂ ಏನೂ ಕೆಟ್ಟಿರಲಿಲ್ಲ. ತಾಯಿಯನ್ನು ಒಳಗೆ ಕರೆದು, ವಾರಿಯ ಹೆಸರೆತ್ತದೆ ಹೇಳಿದೆ: "ಬಸಮ್ಮ, ಈಗ ಲೇಸರ್ ಬ್ಯಾಡ. ಚರ್ಮ ಬಿಸಿಲಿಗೆ ಕಾದದ. ಆರು ವಾರ ಹೋಗಲಿ. ಇಂಟರ್‌ವ್ಯೂ ದಿನ ಮುಂಜಾನೆ ರೇಜರ್‌ನಿಂದ ತೆಗೀರಿ, ಉಳಿದದ್ದು ನಾಕು ಕೂದಲ. ಯಾರಿಗೂ ಕಾಣೂದಿಲ್ಲ."

ಬಸಮ್ಮನ ಮುಖ ಕಪ್ಪಿಟ್ಟಿತು. "ಆ ಹೊತ್ತಿಗೆ ಶ್ರಾವಣ ಇರ್ತದ್ರಿ. ಶ್ರಾವಣದಾಗ ನಮ್ಮ ಮನ್ಯಾಗ ಗಂಡಸರೂ ಬ್ಲೇಡ್ ಮುಟ್ಟೂದಿಲ್ಲ, ಹೆಣ್ಣ ಕೂಸಿನ ಕಾಲಿಗೆ ಹಚ್ಚಲೇನು? ಅಮಾಸಿ ಒಳಗ ಮುಗಿಸಿ ಕೊಡ್ರಿ ಅಂತನ ಬಂದೀವಿ." ಆಮೇಲೆ ಮಗಳ ಕಡೆ ತಿರುಗಿದರು. "ಬಿಸಿಲಂತ ಇವರಿಗೆ ಯಾರು ಹೇಳಿದ್ರು? ಬಾಯಿ ಬಿಟ್ಟೆಯೇನ?"

ರೇಣುಕಾ ತಲೆ ತಗ್ಗಿಸಿದಳು. ಅಷ್ಟೇ ಸಾಕಾಯಿತು ತಾಯಿಗೆ.

ಅವರು ನೇರ ಗುರುನಾಥಣ್ಣನ ಕೋಣೆಗೆ ಹೋದದ್ದನ್ನು ನೋಡಿದೆ. ನಾನೂ ಹೋಗಿ, ಏಕೆ ಕೂಡದೆಂದು ಅವರಿಗೆ ಬಿಡಿಸಿ ಹೇಳಿದೆ. ರೇಣುಕಾಳ ಚಿಕಿತ್ಸೆಯ ಕಾರ್ಡಿನ ಮೇಲೆ ಕೆಂಪು ಮಸಿಯಲ್ಲಿ 'ಆರು ವಾರ ಬೇಡ' ಎಂದು ಬರೆದೆ. ಅವರು "ಆತ್ರಿ ಡಾಕ್ಟರ್, ನಿಮ್ಮ ಮಾತೇ ಕಡೀ ಮಾತು" ಎಂದು ಬಸಮ್ಮನಿಗೆ ಚಹಾ ತರಿಸಿದರು. ಆ ಚಹಾ ನೋಡಿದಾಗಲೇ ನನಗೆ ತಿಳಿಯಬೇಕಿತ್ತೇನೋ. ಗಿರಾಕಿ ಹೊಳ್ಳಿ ಹೋಗಬಾರದು.

ಮರುದಿನ ಗುರುವಾರ.

ಶುಕ್ರವಾರ ನಾನು ಸೆಂಟರಿಗೆ ಕಾಲಿಡುವ ಮೊದಲೇ ರೇಣುಕಾ ಬಂದು ಕೂತಿದ್ದಳು, ಒಬ್ಬಳೇ. ಸಲವಾರ ಮೇಲೆತ್ತಿದಳು. ಎರಡೂ ಕಾಲುಗಳ ಮೇಲೆ ಸಾಲುಸಾಲಾಗಿ ಚೌಕಗಳು. ಯಂತ್ರದ ತುದಿ ಚೌಕ, ಅದು ಕೂತು ಎದ್ದ ಕಡೆಯಲ್ಲೆಲ್ಲ ಸುಟ್ಟ ಮನೆ. ಕೆಲವು ಕೆಂಪಗೆ ಊದಿದ್ದವು, ಕೆಲವು ನೀರುಗುಳ್ಳೆ ಕಟ್ಟಿದ್ದವು. ನಾನು ಸಣ್ಣವಳಿದ್ದಾಗ ನಮ್ಮಜ್ಜಿ ನೆಲದ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆಯುತ್ತಿದ್ದಳು. ಆ ಆಟ ನೆನಪಾಯಿತು.

"ಮಶೀನ್ ಹಚ್ಚಿದಾಗ ಉರೀತೇನು?"

"ಭಾಳ ಉರೀತ್ರಿ. ಚೀರಿದೆ. 'ಕಡೀ ಸಿಟಿಂಗ್ ಅಲ್ಲಾ, ಸ್ವಲ್ಪ ಉರೀತದ, ತಡ್ಕೋ' ಅಂದ್ರು. ಅವ್ವ ನನ್ನ ಕೈ ಹಿಡಕೊಂಡು 'ವಿಠ್ಠಲ ವಿಠ್ಠಲ' ಅನ್ನಾಕತ್ತಿದ್ಲು." ಕಾಲನ್ನೇ ನೋಡುತ್ತ ಕೇಳಿದಳು. "ಆಗಸ್ಟ್ ಒಳಗ ಹೋಗ್ತಾವಲ್ರೀ ಮ್ಯಾಡಮ್? ಖರೇ ಹೇಳ್ರಿ."

ಡಾಕ್ಟರಿಗೆ ಖರೇ ಹೇಳು ಎನ್ನುವುದು ಸುಲಭ. ಗುಳ್ಳೆ ಎರಡು ವಾರದಲ್ಲಿ ಆರುತ್ತದೆ, ಅದು ಬಿಟ್ಟುಹೋಗುವ ಕಪ್ಪು ಕಲೆ ವರ್ಷಗಟ್ಟಲೆ ಕೂರುತ್ತದೆ. ಹೇಳಿದೆ. ಅವಳು ಅಳಲಿಲ್ಲ. ಸಲವಾರ ಇಳಿಸಿಕೊಂಡು, ತರಬೇತಿಯಲ್ಲಿ ಕಲಿಸಿದಂತೆ ಮೊಣಕಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಳು.

ಗುರುನಾಥಣ್ಣನ ಕೋಣೆಯಲ್ಲಿ ಆದ ಮಾತು ಇಷ್ಟು.

"ಯಾರು ಮಾಡಿದ್ರು?"

"ಟೆಕ್ನಿಷಿಯನ್ ಮಾಡ್ಯಾಳ. ಹೋದ ಸಾರಿ ಇಪ್ಪತ್ತೆಂಟು ಜೂಲ್ ಇತ್ತು, ಕಡೀದು ಅಂತ ಮೂವತ್ತೆರಡಕ್ಕ ಏರಿಸ್ಯಾಳ. ಮಾಡು ಅಂತ ನಾನ ಅಂದೆ. ಆ ತಾಯಿ ಕಾಲಿಗೆ ಬೀಳಾಕ ಬಂದ್ಲರಿ, ನಾ ಏನು ಮಾಡ್ಲಿ?" ಜೂಲ್ ಎಂದರೆ ಬೆಳಕಿನ ಶಕ್ತಿಯ ಅಳತೆ. ಅಂಥ ಚರ್ಮಕ್ಕೆ ಒಂದು ಜೂಲೂ ಹೆಚ್ಚು.

"ಕಾರ್ಡಿನ ಮ್ಯಾಲ ಬರದಿದ್ದೆ."

"ಬರದಿದ್ರಿ ಖರೆ. ಈಗ ಇನ್ನೊಂದು ಬರೀರಿ. ಹುಡುಗಿ ಬಿಸಿಲಿಗೆ ಹೋಗಿದ್ದು ಮುಚ್ಚಿಟ್ಟಿದ್ಲು, ಮನ್ಯಾಗ ಅರಿಷಿಣ ಪರಿಷಿಣ ಹಚ್ಚಿದ್ಲು, ಅದಕ್ಕ ಹಿಂಗಾತು ಅಂತ. ಒಂದು ಸಹಿ. ಅವರು ವಕೀಲರ ಹತ್ರ ಹೋದ್ರ ನಾಳೆ ನಿಮ್ಮ ಹೆಸರೂ ಬರ್ತದ."

"ಮುಚ್ಚಿಡಲಿಲ್ಲ. ನನಗ ಹೇಳಿದ್ಲು. ನಾ ನಿಮಗ ಹೇಳಿದೆ."

"ಆಷಾಢದಾಗ ಬಿಸಿಲಂದ್ರ ವಾರಿನ, ನನಗ ತಿಳೀದೇನು? ದೇವರ ಹೆಸರಿಲೆ ಬಿಸಿಲಾಗ ನಡದವರು ಅವರು, ಬೈಸ್ಕೊಳ್ಳೋರು ನಾವು!" ಎಂದು ಗುರುನಾಥಣ್ಣ ನಕ್ಕೇಬಿಟ್ಟರು. ಆ ನಗುವಿನಲ್ಲಿ ಕೆಡುಕಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಹರಿದ ಸೀರೆ ಮರಳಿ ತಂದವರ ಮುಂದೆ ಅವರು ಹೀಗೆಯೇ ನಕ್ಕಿರಬೇಕು.

ನಾನು ಬರೆದುಕೊಟ್ಟೆ: ರೋಗಿ ಬಿಸಿಲಿನ ವಿಷಯ ಹೇಳಿದ್ದಾಳೆ, ವೈದ್ಯೆ ಬೇಡವೆಂದಿದ್ದಾಳೆ, ವೈದ್ಯೆ ಇಲ್ಲದ ದಿನ ಮಾಲೀಕರ ಮಾತಿನಂತೆ ಮಾಡಲಾಗಿದೆ. ಗುರುನಾಥಣ್ಣನಿಗೆ ಅದು ಬೇಡವಾಗಿತ್ತು. ಅದರ ಒಂದು ಪ್ರತಿಯನ್ನು ರೇಣುಕಾಳಿಗೆ ಕೊಟ್ಟು ಆ ಸೆಂಟರಿನಿಂದ ಹೊರಬಿದ್ದೆ. ಅವಳ ಕಾಲಿನ ಆರೈಕೆಯನ್ನು ಪಿಂಪ್ರಿಯ ದವಾಖಾನೆಯಲ್ಲೇ ಮಾಡಿದೆ. ವಕೀಲರ ಹತ್ತಿರ ರೇಣುಕಾಳ ಮನೆಯವರು ಹೋಗಲಿಲ್ಲ. "ಹೆಣ್ಣ ಕೂಸಿನ ಕಾಲು ಕೋರ್ಟಿನಾಗ ತೋರಿಸೋದು ಬ್ಯಾಡ" ಎಂದರಂತೆ ಅವಳ ತಂದೆ. ಗುರುನಾಥಣ್ಣನ ಸೆಂಟರಿಗೆ ಮುಂದಿನ ವರ್ಷ ಇನ್ನೊಂದು ಶಾಖೆಯಾಯಿತು.

ಆಗಸ್ಟಿನಲ್ಲಿ ಆಯ್ಕೆ ನಡೆದ ಹೋಟೆಲಿಗೆ ರೇಣುಕಾ ಹೋದಳು. ಇಂಗ್ಲಿಷು, ನಡಿಗೆ, ಎತ್ತರ, ಎಲ್ಲ ದಾಟಿದಳು. ಕೊನೆಯ ಕೋಣೆಯಲ್ಲಿ ಸ್ಟಾಕಿಂಗ್ಸ್ ತೆಗೆಯಲು ಹೇಳಿದರು. ಪರೀಕ್ಷೆ ಮಾಡುತ್ತಿದ್ದ ಹೆಂಗಸು ಕಾಲು ನೋಡಿ, "ಕಲೆ ಹೋದ ಮೇಲೆ ಮತ್ತೆ ಬಾ" ಎಂದು ಮೆಲ್ಲನೆ ಹೇಳಿದಳಂತೆ. ಕಲೆ ಹೋಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳು ಒಂದು ಆಸ್ಪತ್ರೆಯ ಸ್ವಾಗತದ ಮೇಜಿನ ಹಿಂದೆ ಕೂತಿದ್ದಳು. ಎದೆಯೆತ್ತರದ ಮೇಜು, ಕಾಲು ಯಾರಿಗೂ ಕಾಣದು. ಮತ್ತೆ ಅರ್ಜಿ ಹಾಕು ಎಂದು ನಾನು ಎರಡು ಮೂರು ಸಲ ಹೇಳಿದೆ. "ನೋಡೋಣ್ರಿ" ಎನ್ನುತ್ತಿದ್ದಳು. ಹಾಕಲಿಲ್ಲ.

ಬಸಮ್ಮ ದವಾಖಾನೆಗೆ ಬಂದದ್ದು ಒಂದೇ ಸಲ. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನನ್ನ ಕೈಯನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಅವರು ಬೈಯಲಿಲ್ಲ.

"ಡಾಕ್ಟರಬಾಯಿ, ನೀವು ಛಲೋ ಮಂದಿ ಅದೀರಿ. ಆದ್ರ ಅವತ್ತ ಕೂಸಿನ ಬಾಯಿ ಬಿಡಿಸಬಾರದಿತ್ತು. ವಿಠ್ಠಲನ ಹಂತೇಕ ಇಟ್ಟ ಮಾತು ನಿಮ್ಮ ಮುಂದ ಆಡಿದ್ಲು, ಅದಕ್ಕ ಹಿಂಗಾತು."

ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ತಲೆಯೆತ್ತಿದೆ. ಅವಳನ್ನು ಉಳಿಸಬಹುದಾಗಿದ್ದ ಒಂದೇ ಒಂದು ಮಾತು ಅದು. ಹೊತ್ತಿಗೆ ಸರಿಯಾಗಿ ಬಂದಿತ್ತು, ಕೇಳಬೇಕಾದವಳ ಕಿವಿಗೇ ಬಂದಿತ್ತು. ಈ ತಾಯಿಯ ಲೆಕ್ಕದಲ್ಲಿ ಮಗಳ ಕಾಲು ಸುಟ್ಟದ್ದು ಅದೇ ಮಾತು. ಇಲ್ಲ ಬಸಮ್ಮ, ಸುಟ್ಟದ್ದು ಮೂವತ್ತೆರಡು ಜೂಲ್ ಎಂದು ಹೇಳಲು ಬಾಯಿ ತೆರೆದೆ. ರೇಣುಕಾ ನನ್ನತ್ತ ನೋಡಿ ಬೇಡವೆಂಬಂತೆ ಕಣ್ಣು ಮುಚ್ಚಿ ತೆರೆದಳು. ಆ ತಾಯಿ ಮಗಳ ಕೈ ಹಿಡಿದು ಆ ಗುರುವಾರ ಲೇಸರ್ ಕೋಣೆಯಲ್ಲಿ ನಿಂತಿದ್ದವರು. ಮೂವತ್ತೆರಡು ಜೂಲ್ ಎಂದರೆ, ಅದನ್ನು ಹಾಕಿಸಿದವರು ಯಾರು ಎಂಬ ಪ್ರಶ್ನೆ ಅವರ ಮನೆಯವರೆಗೂ ನಡೆದುಹೋಗುತ್ತಿತ್ತು. ಮಗಳು ಆ ಭಾರವನ್ನು ತನ್ನ ಬಾಯಿಯ ಮೇಲೆಯೇ ಹೊತ್ತುಕೊಂಡಿದ್ದಳು. ನಾನು ಪಟ್ಟಿ ಕಟ್ಟಿ ಮುಗಿಸಿದೆ.

ಆಮೇಲೆಯೂ ಬಹಳ ಕಾಲ ಲೇಸರ್ ಕೆಲಸ ಮಾಡಿದೆ. ಯಂತ್ರಗಳು ಸುಧಾರಿಸಿದವು, ನಮ್ಮ ಬಣ್ಣಕ್ಕೆ ಒಗ್ಗುವ ಲೇಸರುಗಳು ಬಂದವು. ಕಲಿಯಲು ಬಂದ ಕಿರಿಯ ಡಾಕ್ಟರುಗಳಿಗೆ ಜೂಲಿನ ಲೆಕ್ಕ ಪುಸ್ತಕವೇ ಕಲಿಸುತ್ತದೆ. ನಾನು ಕಲಿಸುತ್ತಿದ್ದದ್ದು ಒಂದೇ. ಆಷಾಢ ಏಕಾದಶಿ ಕಳೆದ ಮೇಲೆ ಯಾವ ಹೆಣ್ಣುಮಗಳು ಬಂದು ಮಲಗಿದರೂ, ಏನನ್ನೂ ಕೇಳುವ ಮೊದಲು ಅವಳ ಅಂಗಾಲು ತಿರುಗಿಸಿ ನೋಡಿ. ಹಿಮ್ಮಡಿ ಒಡೆದಿದ್ದರೆ, ಬೊಕ್ಕೆಯ ಗುರುತಿದ್ದರೆ, "ಈ ತಿಂಗಳು ಮಶೀನ್ ಕೆಟ್ಟಿದೆಯಮ್ಮಾ, ಗಣಪತಿ ಹಬ್ಬ ಮುಗಿದ ಮೇಲೆ ಬಾ" ಎಂದು ಹೇಳಿ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಎಲ್ಲಿ ನಡೆದೆ, ಯಾತಕ್ಕೆ ನಡೆದೆ ಎಂದು ಅವಳ ಬಾಯಿಂದ ಹೇಳಿಸಬೇಡಿ.