ಸೀಲು ಒಡೆಯದ್ದೇ ಬೇಕೆಂದ ಓಟಗಾರ

ಆತನ ಎರಡೂ ಕಾಲ ಹೆಬ್ಬೆರಳುಗಳಿಗೆ ಉಗುರಿರಲಿಲ್ಲ. ಓಡುವಾಗ ಹಾಕುವ ಮುಳ್ಳಿನ ಬೂಟು ತಿಂದುಹಾಕಿತ್ತಂತೆ. ಹವಾಯಿ ಚಪ್ಪಲಿ ಎಳೆದುಕೊಂಡು, ಹಬ್ಬದೂಟ ಅರಗದವನ ಹಾಗೆ ನಿಧಾನಕ್ಕೆ ನನ್ನ ಅಂಗಡಿಗೆ ಬರುತ್ತಿದ್ದ. ನಾನು ನೆವಾರ್ಕಿನಲ್ಲಿ ಬೇಳೆ, ಮಸಾಲೆಯ ಗ್ರೋಸರಿ ಇಟ್ಟುಕೊಂಡಿದ್ದ ಎಂಬತ್ತರ ದಶಕದ ಮಾತು. ಅಂಗಡಿಯ ಮೇಲಿನ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬಂದ ಆತ, ತಾನು ಬ್ರೆಜಿಲಿನ ನೂರು ಮೀಟರ್ ಓಟಗಾರ, ಇಲ್ಲೇ ಹತ್ತಿರದ ಪಾಲೋ ಆಲ್ಟೋದಲ್ಲಿ ತರಬೇತಿ ಎಂದಾಗ ನಾನು ನಂಬಲಿಲ್ಲ. ಬಸ್ಸು ತಪ್ಪುತ್ತಿದ್ದರೂ ಓಡದ ಓಟಗಾರನುಂಟೆ?

"ಬಸ್ಸನ್ನ ಸೋಲಿಸಿದ್ರೆ ಯಾರು ಪದಕ ಕೊಡ್ತಾರೆ?" ಎನ್ನುತ್ತಿದ್ದ.

ಚೌಕಾಸಿ ಮಾಡದ ಗಿರಾಕಿಯ ಮೇಲೆ ನನಗೆ ಮೊದಲೇ ಅನುಮಾನ. ಈತ ಬೆಲೆ ಕೇಳುತ್ತಲೇ ಇರಲಿಲ್ಲ. ಡಬ್ಬದ ಸೀಲು ಮಾತ್ರ ತಿರುವಿ ತಿರುವಿ ನೋಡುತ್ತಿದ್ದ. ಹೆಚ್ಚಿ ಕೊಟ್ಟ ಹಣ್ಣನ್ನು ಮುಟ್ಟುತ್ತಿರಲಿಲ್ಲ. ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಸಲಹೆ: ಗಿರಾಕಿ ಅನುಮಾನಪಟ್ಟರೆ ರೇಗಬೇಡಿ, ಹಿಂದೆ ಎಲ್ಲಿ ಪೆಟ್ಟು ಬಿದ್ದಿದೆ ಎಂದು ಕೇಳಿ. ಇದನ್ನು ನಾನು ಕಲಿತದ್ದು ಆತನಿಂದಲೇ.

ಇಲ್ಲಿಯೇ ನಡೆಯಲಿದ್ದ ಒಂದು ಓಟ ನೋಡಿ ಆತನ ದೇಶದ ತಂಡಕ್ಕೆ ಆರಿಸುವವರಿದ್ದರು. ಓಟದ ಹಿಂದಿನ ದಿನವೇ ಆತನಿಗೆ ವಿಪರೀತ ನೆಗಡಿ. ನನ್ನ ಹೆಂಡತಿ ಶುಂಠಿ, ಮೆಣಸು ಕುದಿಸಿ ಲೋಟದ ತುಂಬ ಕಷಾಯ ತಂದಳು. ಆತ ಮೂಸಿ ನೋಡಿ, ನಮ್ಮ ಗಿರಾಕಿಗಳಿಂದ ಕಲಿತಿದ್ದ ಒಂದೇ ಕನ್ನಡ ಪದ ಸೇರಿಸಿ ಇಂಗ್ಲಿಷಿನಲ್ಲಿ ಕೇಳಿದ: "ಅಕ್ಕ, ಇದರಲ್ಲಿ ಏನೇನಿದೆ?"

"ಎಲ್ಲ ಮನೇದೇ. ಸುಮ್ನೆ ಕುಡಿ."

"ಏನೇನು?"

ನನಗೆ ಉರಿಯಿತು. "ಏನಯ್ಯಾ, ವಿಷ ಹಾಕಿದಾಳಾ?"

"ಅಕ್ಕನ ಮೇಲೆ ಅನುಮಾನ ಇಲ್ಲ, ಲೋಟದ ಮೇಲಿದೆ." ಓಟ ಮುಗಿದೊಡನೆ, ನಿಷೇಧಿಸಿದ ಮದ್ದಿನ ಪತ್ತೆಗೆ ಮೂತ್ರ ಪರೀಕ್ಷೆ ಇರುತ್ತದಂತೆ. ಜೊತೆಗಾರನೊಬ್ಬ ಕೆಮ್ಮಿನ ಔಷಧಿ ಕುಡಿದು ಸಿಕ್ಕಿಬಿದ್ದಿದ್ದನಂತೆ. ಅವನ ಓಟ ಅಲ್ಲಿಗೇ ಮುಗಿಯಿತಂತೆ.

"ಶುಂಠಿಗೂ ಪರೀಕ್ಷೆನಾ?" ಎಂದು ನಾನು ನಕ್ಕೆ. ಹೆಂಡತಿ ನಗಲಿಲ್ಲ. "ರೀ, ಬೇಗ ಬಿಡ್ಲಿ ಅಂತ ನೆಗಡಿ ಮಾತ್ರೆನೂ ಅರೆದು ಹಾಕಿದೀನಿ ಕಣ್ರೀ," ಎಂದು ಪಿಸುಗುಟ್ಟಿದಳು. ಮಾತ್ರೆ ಕಂಡರೆ ಓಡುವ ನಮ್ಮ ಮಕ್ಕಳಿಗೆ ಯಾವಾಗಲೂ ಹಾಗೇ ಕೊಡುತ್ತಿದ್ದಳು.

ಅದನ್ನೆಲ್ಲ ಆತನಿಗೂ ಹೇಳಿ, ಮಾತ್ರೆಯ ಡಬ್ಬಿ ತಂದು ಕೈಗಿಟ್ಟೆ. ಓದಿದ. ಅದರಲ್ಲಿ ಇರಬಾರದ್ದೇ ಇತ್ತು. ತುಟಿಗೆ ತಾಗಿಸದ ಲೋಟವನ್ನು ಪಕ್ಕಕ್ಕಿಟ್ಟು ಅಕ್ಕಿ ಮೂಟೆಯ ಮೇಲೆ ಕೂತ. ಬೈಯುತ್ತಾನೆಂದು ಇಬ್ಬರೂ ಕಾದೆವು.

"ಅಕ್ಕ, ನಿಮ್ಮ ಮಕ್ಕಳನ್ನ ಓಟಕ್ಕೆ ಮಾತ್ರ ಕಳಿಸಬೇಡಿ," ಎಂದ.

ಮರುದಿನ ಮೂಗು ಸುರಿಸಿಕೊಂಡೇ ಓಡಿದ. ಗೆಲ್ಲಲಿಲ್ಲ, ಆದರೆ ರಿಲೇ ತಂಡಕ್ಕೆ ಆಯ್ಕೆಯಾದ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮಂಡಿ ಕೈಕೊಡುವವರೆಗೂ ದೇಶಕ್ಕಾಗಿ ಓಡಿದ. ಒಮ್ಮೆ ಕನ್ನಡದವರ ಪಿಕ್ನಿಕ್ಕಿನಲ್ಲಿ ಯಾರೋ, "ನೀನು ಇವರ ಮನೇಲಿ ಊಟಾನೇ ಮಾಡಲ್ವಂತೆ, ಯಾಕೆ?" ಎಂದು ಕೆಣಕಿದರು. "ನನಗೆ ಖಾರ ತಡೆಯಲ್ಲ," ಎಂದನೇ ಹೊರತು ಕಷಾಯದ ಸುದ್ದಿ ಎತ್ತಲಿಲ್ಲ. ಆ ಋಣ ನಮ್ಮ ಮೇಲೆ ಹಾಗೇ ಉಳಿದಿದೆ.

ಹೋದ ವರ್ಷ ಬ್ರೆಜಿಲಿನಿಂದ ಆತನ ತಂಗಿ ಫೋನ್ ಮಾಡಿ, ಅಣ್ಣ ತೀರಿಕೊಂಡನೆಂದಳು. ಹೆಂಡತಿಗೆ ಹೇಳಿದೆ.

"ನಮ್ಮ ಕೈಯಿಂದ ಅವನ ಕಾಲು ಮುರೀಲಿಲ್ವಲ್ಲ, ಅಷ್ಟು ಸಾಕು ಕಣ್ರೀ."

"ನಾವು ಮುರಿಯೋಕೇ ಹೊರಟಿದ್ವಿ ಕಣೆ," ಎಂದೆ. "ಅವನು ಬಿಡಲಿಲ್ಲ."