ಪಟ್ಟಿಯ ಕೊನೆಗೆ ಹೋದ ವೈಶಾಖ

ಆ ವರ್ಷ ಮೈಸೂರಿನಲ್ಲಿದ್ದ ನಮ್ಮ ಭಾವನವರಿಗೆ, ಅಂದರೆ ನಮ್ಮ ಮನೆಯವರ ಅಣ್ಣನಿಗೆ, ಹೃದಯದ ಆಪರೇಷನ್ ಆಯಿತು. ಅಲ್ಲಿ ನಡೆಯುತ್ತಿದ್ದ ಶ್ರಾದ್ಧ, ವ್ರತಗಳೆಲ್ಲ ಮದ್ರಾಸಿನ ಪೋರೂರಿನಲ್ಲಿದ್ದ ನಮ್ಮ ಎರಡು ಕೋಣೆಯ ಮನೆಗೆ ಬಂದವು. ಜೊತೆಯಲ್ಲಿದ್ದ ಅತ್ತೆಗೆ ವಯಸ್ಸಾಗಿತ್ತು; ಮಡಿಯಲ್ಲಿ ಅಡಿಗೆ ಮಾಡುವವಳು ನಾನೊಬ್ಬಳೇ. ಮುನಿಸಿಪಲ್ ನೀರು ಬರುವುದು ದಿನ ಬಿಟ್ಟು ದಿನ. ದೇವರ ದಯೆ, ಬಾವಿಯಲ್ಲಿ ಮಾತ್ರ ನೀರಿತ್ತು.

ಭಾವನವರು ಕಳಿಸಿದ ಹಳೆಯ ನೋಟುಬುಕ್ಕಿನಲ್ಲಿ ತಿಥಿಗಳು ಹಿಂದುಮುಂದಾಗಿದ್ದವು. ಯಾರು ಯಾವಾಗ ಹೋದರೋ ಹಾಗೆ ಬರೆದುಕೊಂಡು ಬಂದಿದ್ದರು. ನಮ್ಮ ಮನೆಯವರು ಆಫೀಸಿನಿಂದ ತಂದಿದ್ದ ಹಳೆಯ ಕಂಪ್ಯೂಟರಿನಲ್ಲಿ ನಾನು ಮಾಸ, ಪಕ್ಷ, ತಿಥಿ, ಯಾರದು ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಒತ್ತಿದೆ. ಸಾಲುಗಳು ಕ್ರಮವಾಗಿ ಕೂರಲಿ ಅಂತ ಮಾಸದ ಕಾಲಂ ಹಿಡಿದು ಸಾರ್ಟ್ ಕೊಟ್ಟೆ. ಇವರು ಆಫೀಸಿನಲ್ಲಿ ಎರಡು ಹಾಳೆ ಪ್ರಿಂಟ್ ತೆಗೆದುಕೊಟ್ಟರು. ಮೊದಲನೆಯದನ್ನು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ. ಎರಡನೆಯದರಲ್ಲಿ ನಾಲ್ಕೇ ಸಾಲು, ಅದನ್ನು ಪಂಚಾಂಗದೊಳಗೆ ಇಟ್ಟೆ.

ಅದೇ ವಾರ ನನ್ನ ತಾಯಿ ಫೋನ್ ಮಾಡಿದರು. ಅವರು ನನ್ನ ತಮ್ಮನ ಜೊತೆ ಮೈಸೂರಿನಲ್ಲೇ ಇದ್ದರು; ತಮ್ಮನೂ ಅವನ ಹೆಂಡತಿಯೂ ಕೆಲಸಕ್ಕೆ ಹೋಗುವವರು.

"ಕಣ್ಣಿನ ಪೊರೆ ತೆಗೀಬೇಕಂತೆ ಕಣೇ. ನೀನು ಯಾವಾಗ ಬರ್ತೀಯೋ ಆವಾಗ ಮಾಡಿಸ್ಕೋತೀನಿ. ನೀನು ಪಕ್ಕದಲ್ಲಿದ್ರೆ ಧೈರ್ಯ."

ರಿಸೀವರ್ ಹಿಡಿದುಕೊಂಡೇ ಬಾಗಿಲಿನ ಹಾಳೆ ನೋಡಿದೆ. ಚೈತ್ರವನ್ನಷ್ಟೇ ಹುಡುಕಿದೆ: ಎರಡು ಸಾಲು, ಅದರ ಕೆಳಗೆ ಜ್ಯೇಷ್ಠ. ನಡುವೆ ವೈಶಾಖವೇ ಇಲ್ಲ! ಇಡೀ ತಿಂಗಳು ನನ್ನದು ಅನ್ನಿಸಿ ಕಣ್ಣು ತುಂಬಿತು.

"ವೈಶಾಖದಲ್ಲಿ ಬರ್ತೀನಮ್ಮ, ಹದಿನೈದು ದಿನ ಇರ್ತೀನಿ" ಅಂದೆ. ನನ್ನ ತಮ್ಮ ಆಪರೇಷನ್ನಿಗೆ ದಿನ ಗೊತ್ತುಮಾಡಿದ. ಟಿಕೆಟ್ಟೂ ಆಯಿತು.

ಹೊರಡಲು ಹತ್ತು ದಿನ ಇರುವಾಗ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ನಮ್ಮತ್ತೆ ಜಪಮಾಲೆ ಕೆಳಗಿಟ್ಟರು.

"ಎಲ್ಲಿಗೇ ಸವಾರಿ? ವೈಶಾಖ ಬಹುಳ ಪಂಚಮಿ ನನ್ನತ್ತೆ ಶ್ರಾದ್ಧ, ನಿನ್ನ ಗಂಡನ ಅಜ್ಜೀದು. ಬ್ರಾಹ್ಮಣರಿಗೆ ನಿನ್ನ ಕಂಪ್ಯೂಟರ್ ಬಡಿಸುತ್ತೋ?"

ಪಂಚಾಂಗದಿಂದ ಎರಡನೆಯ ಹಾಳೆ ತೆಗೆದೆ. ಶ್ರಾವಣದ ಕೆಳಗೆ, ಎಲ್ಲಕ್ಕಿಂತ ಕೊನೆಗೆ, ವೈಶಾಖ ಕೂತಿತ್ತು. ದಿನ ಎಣಿಸಿದೆ. ಆಪರೇಷನ್ನೂ ಪಂಚಮಿಯೂ ಒಂದೇ ದಿನ. ದಿನ ಮುಂದೆ ಹಾಕಬಹುದೇ ಅಂತ ನನ್ನ ತಮ್ಮ ಆಸ್ಪತ್ರೆಗೆ ಹೋಗಿ ಕೇಳಿದ. ಆ ಡಾಕ್ಟರು ಆಮೇಲೆ ಎರಡು ತಿಂಗಳು ಊರಲ್ಲೇ ಇರುವುದಿಲ್ಲವಂತೆ.

ಇನ್ನೂ ಏನೇನು ತಪ್ಪಿಹೋಗಿದೆಯೋ ಅಂತ ಭಯವಾಯಿತು. ಎದುರುಮನೆ ಮಾಮಿಯನ್ನು ಕರೆದೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು; ಮಾತಿನಲ್ಲಿ ಅರ್ಧ ತಮಿಳು. ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲಿದ್ದರು. ಬಂದವರೇ ನಕ್ಕರು.

"ಅಯ್ಯೋ ಕಣ್ಣಾ, ಅದು ಎ, ಬಿ, ಸಿ ನೋಡಿ ತಾನ್ ಅಡುಕತ್ತೆ, ಜೋಡಿಸತ್ತೆ. ಅದಕ್ಕೇನು ಚೈತ್ರ ತೆರಿಯುಮಾ, ಗೊತ್ತಾ? ಜನವರಿ, ಫೆಬ್ರವರಿ ಅಂದ್ರೆ ವರಿಸೆ ಅದಕ್ಕೇ ಗೊತ್ತು. ನಮ್ಮ ಮಾಸ ನಾವೇ ಹೇಳ್ಕೊಡಬೇಕು."

ನಮಗೆ ಬೇಕಾದ ಕ್ರಮ ಬರೆದಿಡುವ, ಕಸ್ಟಮ್ ಲಿಸ್ಟ್ ಅನ್ನುವ ಜಾಗ ತೆರೆದುಕೊಟ್ಟು, "ಹೇಳಿಕೊಡು" ಅಂದರು. ಚೈತ್ರದಿಂದ ಫಾಲ್ಗುಣದವರೆಗೆ ಹನ್ನೆರಡೂ ಒತ್ತಿದೆ, ಚಿಕ್ಕಂದಿನಲ್ಲಿ ಬಾಯಿಪಾಠ ಒಪ್ಪಿಸಿದ ಹಾಗೆ. ಮತ್ತೆ ಸಾರ್ಟ್ ಕೊಡುವಾಗ ಆ ಪಟ್ಟಿಯನ್ನೇ ಆರಿಸಿದೆ. ವೈಶಾಖ ಎದ್ದು ಬಂದು ಚೈತ್ರದ ಕೆಳಗೆ ಕೂತಿತು. ಅದರ ಕೆಳಗೆ ಜ್ಯೇಷ್ಠದ ಹುಣ್ಣಿಮೆ. ಪಂಚಮಿಯಿಂದ ಹುಣ್ಣಿಮೆಯವರೆಗೆ ನಿಜವಾಗಿಯೂ ಏನೂ ಇರಲಿಲ್ಲ. ಎರಡೆರಡು ಸಲ ನೋಡಿದೆ.

ತಾಯಿಗೆ ಫೋನ್ ಮಾಡುವುದು ಕಷ್ಟವಾಯಿತು. ಅವರು, "ಹಿರಿಯರ ಕೆಲಸ ಬಿಡ್ಬೇಡ. ಮುಗಿಸ್ಕೊಂಡೇ ಬಾ" ಅಂದರು.

ಪಂಚಮಿಯ ದಿನ ವಡೆ ಕರಿಯುತ್ತಾ ಕರಿಯುತ್ತಾ, ಈಗ ಒಳಗೆ ಕರಕೊಂಡು ಹೋಗಿರುತ್ತಾರೆ, ಈಗ ಆಚೆ ತಂದಿರುತ್ತಾರೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬ್ರಾಹ್ಮಣರ ಊಟವಾಗುವ ತನಕ ಫೋನ್ ಮುಟ್ಟುವ ಹಾಗಿರಲಿಲ್ಲ. ಎಲ್ಲ ಸರಿಯಾಗಿದೆ ಅಂತ ತಿಳಿದಾಗ ಮೂರು ಗಂಟೆ. ಅತ್ತೆ, ನಾನು ಕೇಳುವ ಮೊದಲೇ, "ನಾಳೆ ಹೊರಡು. ಸಾರು ಅನ್ನ ನಾನು ನೋಡ್ಕೋತೀನಿ" ಅಂದರು.

ನಾನು ತಲುಪುವ ಹೊತ್ತಿಗೆ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ದರು. ನನ್ನನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂದಿದ್ದ ಗಳಿಗೆ ಕಳೆದುಹೋಗಿತ್ತು. ಉಳಿದಿದ್ದು ಕಣ್ಣಿಗೆ ಡ್ರಾಪ್ಸ್ ಹಾಕುವುದು, ದಿನಕ್ಕೆ ಆರು ಸಲ. ವಾಪಸ್ ಟಿಕೆಟ್ಟಿನ ದಿನದವರೆಗೆ, ಎಂಟು ದಿನ, ಅದನ್ನು ಬೇರೆ ಯಾರಿಗೂ ಬಿಡಲಿಲ್ಲ.